ಕಣ್ಣು ಮುಚ್ಚಿದ ಕಾರು

ಎದುರಿಗೆ ಕಾರು ಬಂದರೆ ಎಲ್ಲರೂ ಪಕ್ಕಕ್ಕೆ ಸರಿಯುತ್ತಾರೆ. ನಾನು ಮೊದಲು ಅದರ ಮುಖ ನೋಡಿ ಆಮೇಲೆ ಸರಿಯುತ್ತೇನೆ. ಈ ಚಾಳಿ ಒಂದು ದಿನ ನನ್ನ ಪ್ರಾಣ ತೆಗೆಯುತ್ತದೆಂದು ಮನೆಯವರ ಗೊಣಗಾಟ. ಒಮ್ಮೆ ಕಾರಿನ ಮುಖವೇ ನನ್ನ ಪ್ರಾಣ ಉಳಿಸಿದ್ದನ್ನು ಅವರಿಗೆ ಹೇಗೆ ಹೇಳಲಿ?

ಕುಣಿಗಲ್ ಕುದುರೆಗಳ ಊರು. ಅಲ್ಲಿಯವರು ಕಾರನ್ನೂ ಕುದುರೆಯ ಹಾಗೇ ಪರೀಕ್ಷಿಸುತ್ತಾರೆ. ನಮ್ಮ ಚಿಕ್ಕಪ್ಪ ಡ್ರೈವರಾಗಿದ್ದ ಮನೆಯ ಸಾಹುಕಾರರು ಐವತ್ತರ ದಶಕದಲ್ಲಿ ಅಮೆರಿಕದ ಎರಡು ಸೀಟಿನ ಓಟದ ಕಾರು ತರಿಸಿದಾಗ ಜನ ಮೊದಲು ನೋಡಿದ್ದು ಹಲ್ಲನ್ನು. ಮುಂದೆ ಸಾಲಾಗಿ ಬೆಳ್ಳಿ ಹಲ್ಲು, ಮೇಲೆ ದುಂಡು ಕಣ್ಣು. ಮೈ ತಗಡಿನದಲ್ಲ, ಗಾಜಿನ ನಾರಿನದು. ತಟ್ಟಿದರೆ ಗಡಿಗೆಯ ಸದ್ದು. ಒಳ್ಳೆಯ ಪ್ರಾಯದ ಕುದುರೆ ಎಂದು ತೀರ್ಪಾಯಿತು. ಒಂದು ಮಳೆಗಾಲದ ಸಂಜೆ ಆ ಕುದುರೆ, ಒಬ್ಬರೇ ಓಡಿಸಿಕೊಂಡು ಹೋಗಿದ್ದ ಸಾಹುಕಾರರ ಸಮೇತ ಏರಿಯಿಂದ ಕೆರೆಗೆ ಇಳಿಯಿತು. ಅದರ ಕಣ್ಣುಗಳು ನೀರೊಳಗೆ ಬಹಳ ಹೊತ್ತು ಉರಿಯುತ್ತಿದ್ದವಂತೆ.

ಅರವತ್ತರ ದಶಕದಲ್ಲಿ ಸಾಹುಕಾರರ ಮಗ ಅದೇ ಕಾರಿನ ಹೊಸ ಪೀಳಿಗೆಯದನ್ನು ತರಿಸಿದ. ಬಲ್ಲವರು ಎಂಜಿನ್ನಿನ ಶಕ್ತಿ, ಹಿಂದಿನ ಚಕ್ರಗಳು ಒಂದರ ಹಂಗಿಲ್ಲದೆ ಇನ್ನೊಂದು ಕುಣಿಯುವ ಜಾಣ್ಮೆ ಎಂದೆಲ್ಲ ಹೋಲಿಸುತ್ತಾರೆ. ಊರಿಗೆ ಕಂಡದ್ದು ಇಷ್ಟೇ: ಇದಕ್ಕೆ ಹಲ್ಲೂ ಇಲ್ಲ, ಕಣ್ಣೂ ಇಲ್ಲ. ದೀಪಗಳು ಮೂತಿಯೊಳಗೆ ಮಗುಚಿ ಮಲಗಿದ್ದು, ಸ್ವಿಚ್ಚು ಒತ್ತಿದರೆ ಗುರ್ರೆಂದು ಹೊರಳಿ ಬರುತ್ತಿದ್ದವು.

ಗುಬ್ಬಿ ಕಡೆಯ ನಮ್ಮ ಚಿಕ್ಕಮ್ಮ ಅದನ್ನು ನೋಡಿ ನಡುಗಿದಳು. "ಕುದುರೆಮರಿ ಕಣ್ಣು ಬಿಟ್ಕೊಂಡೇ ಹುಟ್ಟುತ್ತೆ ಕಣ್ರೀ. ಇದು ಧಣಿ ಮುಳುಗಿದ್ದನ್ನ ನೋಡಿ, ಕಣ್ಣು ಮುಚ್ಕೊಂಡು ಮತ್ತೆ ಹುಟ್ಟೈತೆ. ಓಡಿಸ್ಬೇಡಿ" ಎಂದು ಗಂಡನ ಕೈ ಹಿಡಿದಳು. ಆದರೆ ಓಡಿಸುವುದೇ ಚಿಕ್ಕಪ್ಪನ ಅನ್ನ. ಕೊನೆಗೆ ಆಯುಧಪೂಜೆಯ ದಿನ ಅವಳೇ ಅದಕ್ಕೆ ಕಣ್ಣು ಕೊಡಲು ನಿಂತಳು. ಓಟಕ್ಕೆ ಉದುರದಿರಲೆಂದು ಕುಂಕುಮವನ್ನು ಗಂಜಿಯಲ್ಲಿ ಕಲಸಿ, ಮುಚ್ಚಿದ ರೆಪ್ಪೆಗಳ ಮೇಲೆ, ಸಂದುಗಳಿಗೂ ತುಂಬುವಂತೆ, ದಪ್ಪಗೆ ಎರಡು ಕಣ್ಣು ಬರೆದಳು. ದೀಪ ಅಲ್ಲೇ ಇದೆಯೆಂದು ಚಿಕ್ಕಪ್ಪನಿಗೆ ಗೊತ್ತಿತ್ತು. ಪೂಜೆಯ ಕುಂಕುಮವನ್ನು ಅದೇ ದಿನ ಒರೆಸುವ ಧೈರ್ಯ ನಮ್ಮಲ್ಲಿ ಯಾರಿಗಿದೆ?

ತುಮಕೂರಿನಲ್ಲಿ ಮೇಷ್ಟ್ರಾಗಿದ್ದ ನಾನು ಹಬ್ಬಕ್ಕೆ ಹೋಗಿದ್ದೆ. ನಿಂಬೆಹಣ್ಣು ತುಳಿಸಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿಕ್ಕಪ್ಪ ಒಂದು ಸುತ್ತು ಹೊರಟರು. ಏರಿ ಹತ್ತುವಾಗ ಹೊತ್ತು ಮುಳುಗಿ ತುಂತುರು ಶುರುವಾಗಿತ್ತು. ಸ್ವಿಚ್ಚು ಒತ್ತಿದರೆ ದೀಪ ಹೊರಳಿಸುವ ಮೋಟಾರು ಗುರುಗುಟ್ಟಿತೇ ಹೊರತು ಬೆಳಕು ಬರಲಿಲ್ಲ. ಗಂಜಿ ಒಣಗಿ ರೆಪ್ಪೆ ಕಚ್ಚಿಕೊಂಡಿತ್ತು. ಚಿಕ್ಕಪ್ಪ ಗಾಡಿ ನಿಲ್ಲಿಸಿದರು.

ಇಳಿದು ಮುಂದೆ ಬಂದು ನೋಡಿದೆವು. ಮಳೆಗೆ ನೆನೆದ ಕುಂಕುಮ ಮುಚ್ಚಿದ ಕಣ್ಣುಗಳಿಂದ ಕೆಂಪಗೆ ಇಳಿಯುತ್ತಿತ್ತು. ಒರೆಸಲು ಇಬ್ಬರ ಕೈಯೂ ಏಳಲಿಲ್ಲ. ಅಷ್ಟರಲ್ಲಿ ಬಲಗಣ್ಣು ತಾನಾಗಿ, ನಿಧಾನವಾಗಿ ಹೊರಳಿ ತೆರೆಯಿತು. ಬೆಳಕು ನಮ್ಮನ್ನು ದಾಟಿ ಹಿಂದಕ್ಕೆ ಹೋಯಿತು. ತಿರುಗಿ ನೋಡಿದರೆ ಅದು ಬೀಳಬೇಕಾದ ರಸ್ತೆಯೇ ಅಲ್ಲಿರಲಿಲ್ಲ. ಏರಿ ಕುಸಿದು ಕೆರೆ ಸೇರಿತ್ತು. ಕೆಳಗೆ ಬರೀ ಕಪ್ಪು ನೀರು.

"ಧಣಿ ಕಣ್ಣಿರೋ ಗಾಡೀನ ನಂಬ್ಕೊಂಡು ಹೋಗ್ಬುಟ್ರು ಕಣೋ" ಎಂದು ಚಿಕ್ಕಪ್ಪ ಅಲ್ಲೇ ಕುಸಿದು ಕೂತು ಅತ್ತರು.

ಮನೆಗೆ ಬಂದಾಗಲೂ ಎಡಗಣ್ಣು ತೆರೆದಿರಲಿಲ್ಲ. ನಾನು ಬಿಸಿನೀರು, ಬಟ್ಟೆ ತಂದೆ. ಚಿಕ್ಕಮ್ಮ ಅಡ್ಡ ಬಂದಳು.

"ಇವತ್ತೊಂದಿನ ಅದನ್ನ ಮುಟ್ಬೇಡ. ಒಂದು ಕಣ್ಣು ನಿಮ್ಮನ್ನ ನೋಡ್ಕೊಂಡ್ತು. ಇನ್ನೊಂದು ನೀರಲ್ಲಿ ಹೋದ ಧಣೀನ ನೋಡ್ಕೊಳ್ಳಿ, ಬುಡು."