ಎಲ್ಲರಿಗೂ ಉತ್ತರ ಬರೆಯುವ ಬಸಣ್ಣ

ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಬಸಣ್ಣನವರು ಒಂದು ದಿನ ಗಾಬರಿಯಿಂದ ಕರೆಸಿಕೊಂಡರು. ಮಂಡಿ ಮುಂದೆ ಲೋಡಾದ ಲಾರಿ ನಿಂತಿತ್ತು. ಸರಕು ಇಳಿಸಬೇಕಾದ ವಿಳಾಸ ಮೇಲ್‌ನಲ್ಲಿ ಬಂದಿತ್ತಂತೆ, ಈಗ ಸಿಗುತ್ತಿಲ್ಲ. ಖರೀದಿದಾರರ ಫೋನೂ ಸ್ವಿಚ್ ಆಫ್.

ಅವರ ಮೇಲ್ ತೆರೆದು ನೋಡಿದರೆ ಬರೀ ಕಸ. ಲಾಟರಿ, ಸಾಲ, ಬೋಳುತಲೆಗೆ ಎಣ್ಣೆ. ಒಂದೊಂದಕ್ಕೂ ಬಸಣ್ಣನವರು ಉತ್ತರ ಬೇರೆ ಬರೆದಿದ್ದರು: 'ತಮ್ಮ ಪತ್ರ ತಲುಪಿತು. ಸದ್ಯಕ್ಕೆ ಬೇಡ. ವಂದನೆಗಳು.'

ನನಗೆ ನಗು, ಸಿಟ್ಟು ಎರಡೂ ಬಂತು. "ಇವರಿಗೆಲ್ಲ ಯಾಕೆ ಬರೆದ್ರಿ ಬಸಣ್ಣೋರೆ? ಉತ್ತರ ಕೊಟ್ಟಷ್ಟೂ ಜಾಸ್ತಿ ಬರ್ತವೆ."

"ಮಂಡಿ ಬಾಗ್ಲಿಗೆ ಬಂದೋರ್ನ ಮಾತಾಡಿಸ್ದೆ ಕಳ್ಸೋ ಪದ್ಧತಿ ನಮ್ಮಲ್ಲಿಲ್ಲ ಕಣ್ರೀ."

ಕೊನೆಗೆ ಬೋಳುತಲೆ ಎಣ್ಣೆಯ ಕೆಳಗೆ ವಿಳಾಸ ಸಿಕ್ಕಿತು. ಲಾರಿ ಹೊರಟಿತು. ಬಸಣ್ಣನವರು ಕುರ್ಚಿಗೆ ಒರಗಿ, ನಿಟ್ಟುಸಿರು ಬಿಟ್ಟು, ಎಳನೀರು ತರಿಸಿದರು. ಇನ್ನು ಮುಂದೆ ಕಸವೆಲ್ಲ ತಾನಾಗಿ ಸ್ಪ್ಯಾಮ್‌ಗೆ ಹೋಗುವಂತೆ ಮಾಡಿ, ನಾನೂ ಹಗುರಾಗಿ ಮನೆಗೆ ಬಂದೆ.

ಕೆಲವು ದಿನಗಳ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. "ಅವತ್ತೇ ನಿಮಗೊಂದು ವಂದನೆ ಮೇಲ್ ಬರೆದಿದ್ದೆ. ಉತ್ತರಾನೇ ಇಲ್ವಲ್ರೀ?"

ಫೋನ್ ತೆಗೆದು ನೋಡಿದೆ. ನನ್ನ ಸ್ಪ್ಯಾಮ್‌ನಲ್ಲಿ, ಲಾಟರಿಗೂ ಸಾಲಕ್ಕೂ ನಡುವೆ, ಬಸಣ್ಣನವರು ಕೈಮುಗಿದು ನಿಂತಿದ್ದರು.