ಹೊಸಬರಿಗೆ ಯೋಗ್ಯ

ಸ್ಕೂಟರ್ ಕಲಿಸುವ ಶಾಲೆಯ ಮೇಡಂ ಪ್ರತಿಸ್ಪರ್ಧಿ ಕಂಪನಿಯ ಲಂಚ ತಿಂದು ಹೊಸ ಗಾಡಿಗಳನ್ನೆಲ್ಲ ತಿರಸ್ಕರಿಸುತ್ತಾಳೆಂಬ ಗುಸುಗುಸು ಊರಲ್ಲಿದೆ. ಅದು ಶುದ್ಧ ಸುಳ್ಳು, ಆಕೆ ಎಲ್ಲ ಕಂಪನಿಗಳನ್ನೂ ಸಮನಾಗಿ ಬೈಯುತ್ತಾಳೆ. ಆಕೆಯ ಸಹಿ ಬಿದ್ದರೆ ಮಾತ್ರ ಗಾಡಿ ಕಲಿಯುವವರ ಕೈಸೇರುವುದರಿಂದ, ಪರೀಕ್ಷೆಗೆ ಬಂದ ಸ್ಕೂಟರನ್ನು ಬೇಕೆಂದೇ ಕೆಟ್ಟದಾಗಿ ಓಡಿಸುತ್ತಾಳೆ: ತಿರುವಿನಲ್ಲಿ ಬೆದರಿ, ಹೊಸಬರಂತೆ ಬ್ರೇಕಿನ ಬದಲು ಆಕ್ಸಿಲರೇಟರನ್ನೇ ತಿರುಚುತ್ತಾಳೆ, ಗಾಡಿ ಮುನ್ನುಗ್ಗಿದರೆ ಇಳಿದು ಸೀಟಿಗೆ ಗುದ್ದುತ್ತಾಳೆ. "ಹೊಸಬರಿಗೆ ಅಂತಾನೇ ಮಾಡಿರೋದು ಮೇಡಂ, ಹೂವಿನಂಥ ಗಾಡಿ" ಎಂದು ಮಾರಾಟದವನು ಹಲ್ಲುಕಿರಿದರೆ, "ಹೂವಾದ್ರೆ ಮೂಸ್ಕೊಂಡು ಹೋಗಯ್ಯ! ಕಾಲು ನೆಲಕ್ಕೆ ಎಟುಕಲ್ಲ, ಮುಟ್ಟಿದ್ರೆ ಹಾರತ್ತೆ. ನಿನ್ನ ತಂಗೀನ ಕೂರಿಸ್ತೀಯಾ ಇದರ ಮೇಲೆ?" ಎಂದು ಹರಿಹಾಯುತ್ತಾಳೆ. ಅವನು "ಮೈಲೇಜ್ ಆದ್ರೂ ನೋಡಿ" ಎಂದರಂತೂ ಮುಗಿಯಿತು: "ಆಸ್ಪತ್ರೆ ತನಕ ಎಷ್ಟು ಕೊಡತ್ತೆ?" ಆದರೆ ಈ ಸಿಟ್ಟಿನ ಬೇರು ಆಕೆಯ ಮೇಜಿನ ಗಾಜಿನಡಿಯಲ್ಲಿದೆ: ಆರು ವರ್ಷದ ಹಿಂದಿನ ಒಂದು ವರದಿ, 'ಹೊಸಬರಿಗೆ ಯೋಗ್ಯ' ಎಂಬ ಆಕೆಯದೇ ಅಕ್ಷರ, ಕೆಳಗೆ ಆಕೆಯದೇ ಸಹಿ. ಆ ಗಾಡಿಯನ್ನು ಮೊದಲ ದಿನ ಹತ್ತಿದ ಆಕೆಯ ನಾದಿನಿ ಗಾಬರಿಯಲ್ಲಿ ಆಕ್ಸಿಲರೇಟರ್ ತಿರುಚಿ ಗೋಡೆಗೆ ಅಪ್ಪಳಿಸಿದಳು. ಅವಳ ಬಲಗೈ ಇಂದಿಗೂ ನೀರಿನ ಲೋಟ ಹಿಡಿಯಲಾರದು. ಸದ್ಯ ಹೊಸ ಸ್ಕೂಟರು ಅಂಗಳದಲ್ಲಿ ನಿಂತಿದೆ. ಅದರ ವರದಿಯಲ್ಲಿ ಸಹಿಯ ಜಾಗ ಖಾಲಿಯಿದೆ.