ಇಲಿ ತಿನ್ನಲು ಕಲಿತ ಕೇರೆಮರಿ

ಮೊನ್ನೆ ಶಿಕಾರಿಪುರದ ಮನೆಯಲ್ಲಿ ಹಳೆಯ ಹೊಲಿಗೆ ಡಬ್ಬಿಯನ್ನು ಮಂಚದ ಮೇಲೆ ಸುರುವಿದಾಗ, ಗುಂಡಿಗಳ ನಡುವಿನಿಂದ ಒಂದು ಹಳದಿ ಟೇಪು ಹೊರಬಂತು. ಅದರ ಮೇಲೆ ಮೂರು ಕಡೆ ನೀಲಿ ಪೆನ್ನಿನ ಗೆರೆಗಳಿವೆ. ಇಪ್ಪತ್ತೆರಡು ಇಂಚಿಗೆ ಒಂದು, ಇಪ್ಪತ್ತೈದಕ್ಕೆ ಒಂದು, ಇಪ್ಪತ್ತೊಂಬತ್ತಕ್ಕೆ ಒಂದು. ಅದು ಯಾವ ರವಿಕೆಯ ಅಳತೆಯೂ ಅಲ್ಲ, ಒಂದು ಕೇರೆಹಾವಿನ ಮರಿಯ ಉದ್ದ. ಗೆರೆ ಹಾಕಿದವರು ಸೊರಬದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟೈಲರಕ್ಕ. ನಾವು ಊರು ಬಿಡುವಾಗ ಸೂಜಿ ದಾರದ ಜೊತೆ ಈ ಟೇಪನ್ನೂ ನನ್ನ ಕೈಗಿಟ್ಟಿದ್ದರು. ನೋಡಿದ ಕೂಡಲೇ ದುಃಖ ಬರಬೇಕಿತ್ತು. ನನಗೆ ಬಂದದ್ದು ಸಿಟ್ಟು.

ನಾನು ತೊಗರ್ಸಿ ಕಡೆಯ ಕುರಿ ಸಾಕುವ ಮನೆಯ ಹುಡುಗಿ. ಮದುವೆಯಾಗಿ ಸೊರಬಕ್ಕೆ ಬಂದಾಗ ನನ್ನ ಮಾತು ಕೇಳಿ ಓಣಿಯ ಹೆಂಗಸರೆಲ್ಲ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ನಗದೆ ಇದ್ದವರು ಟೈಲರಕ್ಕ ಒಬ್ಬರೇ. ಆಗ ಅವರಿಗೆ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ, ತಂಗಿಯ ಜೊತೆ ಇದ್ದರು. ಅಳತೆ ರವಿಕೆ ಕೊಡಲು ಹೋದರೆ ಬೇಡವೆಂದು ಕಣ್ಣಲ್ಲೇ ಅಳೆದು ಹೊಲಿಯುತ್ತಿದ್ದರು, ಒಂದು ದಿನವೂ ಬಿಗಿಯಾಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಹಿತ್ತಿಲಿನ ಅವರೆ ಸಾಲಿಗೆ ಕಟ್ಟಿದ್ದ ನೈಲಾನ್ ಬಲೆಯಲ್ಲಿ ಈ ಮರಿ ಸಿಕ್ಕಿಕೊಂಡಿತು. ಒದ್ದಾಡಿ ಒದ್ದಾಡಿ ದಾರ ಮೈಯೊಳಗೆ ಇಳಿದಿತ್ತು. ಅವರು ಗುಂಡಿ ತೂತು ಮಾಡುವ ಸಣ್ಣ ಕತ್ತರಿಯಿಂದ ಒಂದೊಂದೇ ಎಳೆ ಕತ್ತರಿಸಿ, ಅರಿಸಿನ ಹಚ್ಚಿ, ಮುಚ್ಚಳಕ್ಕೆ ತೂತು ಕೊರೆದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರು. ಹಾವು ಸಾಕುವುದು ಕಾನೂನಿಗೆ ಒಪ್ಪುವ ಕೆಲಸವಲ್ಲ ಎಂದು ಅವರಿಗೂ ಗೊತ್ತಿತ್ತು. ಗಾಯ ಮಾಯ್ದ ಮೇಲೆ ಗದ್ದೆ ಬದಿಗೆ ಬಿಡುತ್ತೇನೆ ಎಂದರು. ಓಣಿಯವರು ಹಾಲು ಹಿಡಿದುಕೊಂಡು ಬಂದರು. ಹಾವು ಹಾಲು ಕುಡಿಯುವುದಿಲ್ಲ ಎಂದು ಹೇಳಿ ಹೇಳಿ ಸಾಕಾಗಿ, ಕೊನೆಗೆ ಆ ಹಾಲಿನಲ್ಲಿ ಚಹಾ ಮಾಡಿ ತಂದವರಿಗೇ ಕುಡಿಸಿ ಕಳಿಸಿದರು.

ಮರಿ ತಿನ್ನುತ್ತಿದ್ದದ್ದು ಕಪ್ಪೆ ಮಾತ್ರ. ಬಚ್ಚಲ ನೀರು ಹರಿಯುವ ಕಡೆ ಕೂತು ಅಕ್ಕ ಕಪ್ಪೆ ಹಿಡಿಯುತ್ತಿದ್ದರು. ಆದರೆ ಚಳಿ ಬಿದ್ದಂತೆ ಕಪ್ಪೆಗಳು ಕಡಿಮೆಯಾದವು. ಬೋನಿಗೆ ಬಿದ್ದ ಇಲಿಮರಿಗಳನ್ನು ಕೊಂದು ಮುಂದಿಟ್ಟರೆ ಅದು ಮೂತಿ ತಿರುಗಿಸಿ ಮಲಗುತ್ತಿತ್ತು. ಜೀವಂತ ಇಲಿಯನ್ನು ಬಿಡುವಂತಿರಲಿಲ್ಲ, ಗಾಯದ ಮೇಲೆ ಕಚ್ಚಿಬಿಟ್ಟರೆ ಮುಗಿಯಿತು. ಮರಿ ದಿನದಿಂದ ದಿನಕ್ಕೆ ಸೊರಗಿತು, ಬೆನ್ನು ಚೂಪಾಯಿತು.

“ಇಲಿ ತಿನ್ನಕ್ಕೆ ಕಲೀದಿದ್ರೆ ಇದನ್ನ ಬಿಟ್ಟೂ ಎಂತ ಪ್ರಯೋಜನ ಹೇಳೇ. ಬೇಸ್ಗೇಲಿ ಕಪ್ಪೆ ಎಲ್ಲಿಂದ ಬರ್ಬೇಕು” ಎಂದು ಒಂದು ಮಧ್ಯಾಹ್ನ ಮಿಷನ್ ನಿಲ್ಲಿಸಿ ಹೇಳಿದರು.

ನನಗೆ ಅಪ್ಪನ ಕೆಲಸ ನೆನಪಾಯಿತು. ಮರಿ ಸತ್ತ ಕುರಿ ಬೇರೆ ತಬ್ಬಲಿ ಮರಿಗೆ ಮೊಲೆ ಕೊಡುವುದಿಲ್ಲ, ಒದೆಯುತ್ತದೆ. ಆಗ ಅಪ್ಪ ಸತ್ತ ಮರಿಯ ಚರ್ಮ ಸುಲಿದು ತಬ್ಬಲಿಯ ಬೆನ್ನಿಗೆ ಕಟ್ಟುತ್ತಿದ್ದ. ಕುರಿ ಮೂಸಿ ನೋಡಿ, ತನ್ನದೇ ಎಂದುಕೊಂಡು ಸುಮ್ಮನೆ ನಿಲ್ಲುತ್ತಿತ್ತು.

“ಇಲಿಗೆ ಕಪ್ಪೆ ವಾಸ್ನಿ ಹಚ್ಚಿ ನೋಡ್ರಿ ಅಕ್ಕಾ” ಎಂದೆ.

“ಕುರಿಗೂ ಹಾವಿಗೂ ಎಂತ ಗಂಟು ಹಾಕ್ತೀಯೇ ಮಾರಾಯ್ತಿ” ಎಂದು ನಕ್ಕರು. ಆದರೆ ಅವತ್ತೇ ಸಂಜೆ ಒಂದು ಕಪ್ಪೆ ಹುಡುಕಿ ಮಡಕೆಯಲ್ಲಿಟ್ಟರು.

ಸತ್ತ ಇಲಿಮರಿಯನ್ನು ತೊಳೆದು, ಕಪ್ಪೆಯ ಬೆನ್ನಿಗೆ ಚೆನ್ನಾಗಿ ಉಜ್ಜಿ, ಚಿಮುಟದಲ್ಲಿ ಹಿಡಿದು ಮೆಲ್ಲಗೆ ಆಡಿಸುತ್ತಿದ್ದರು. ಮೊದಲ ಸಲ ಮರಿ ನಾಲಿಗೆ ಚಾಚಿ ಸುಮ್ಮನಾಯಿತು. ಎರಡನೇ ಸಲ ಕಚ್ಚಿ ಬಿಟ್ಟಿತು. ಐದನೆಯದೋ ಆರನೆಯದೋ ಸಲ... ನುಂಗಿತು. ಅಕ್ಕ ನನ್ನ ಮೊಣಕೈಯನ್ನು ಎಷ್ಟು ಜೋರಾಗಿ ಹಿಡಿದಿದ್ದರೆಂದರೆ ಉಗುರಿನ ಗುರುತು ಮೂಡಿತ್ತು. ಆಮೇಲೆ ಪ್ರತಿ ಸಲವೂ ಉಜ್ಜುವುದನ್ನು ಕಡಿಮೆ ಮಾಡುತ್ತ ಬಂದರು. ಇಲಿಯ ಮೈಗೆಲ್ಲ ವಾಸನೆ ಹತ್ತಿಸುತ್ತಿದ್ದವರು ಬರೀ ಅದರ ಮೂತಿಗೆ ಹತ್ತಿಸಿದರು, ಆಮೇಲೆ ಅದೂ ಇಲ್ಲ. ಸಂಕ್ರಾಂತಿ ಕಳೆಯುವಷ್ಟರಲ್ಲಿ ಮರಿ ಬರೀ ಇಲಿಯನ್ನೇ ತಿನ್ನತೊಡಗಿತು, ಇಪ್ಪತ್ತೊಂಬತ್ತು ಇಂಚಾಯಿತು. ಮಡಕೆಯ ಕಪ್ಪೆಯನ್ನು ಬಚ್ಚಲ ಹತ್ತಿರ ಬಿಟ್ಟುಬಿಟ್ಟರು. ಭಾನುವಾರ ಇಬ್ಬರೂ ಅಂಬ್ಲಿಗೊಳದ ಕಡೆಯ ಗದ್ದೆ ಬದಿಗೆ ಹೋಗಿ ಮರಿಯನ್ನೂ ಬಿಟ್ಟು ಬರುವುದೆಂದು ಮಾತಾಯಿತು.

ಶುಕ್ರವಾರ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಅಕ್ಕಿ ಡ್ರಮ್ಮಿನ ಹಿಂದೆ ಒಂದು ಎಳೆ ಇಲಿ ಸತ್ತು ಬಿದ್ದಿತ್ತು. ಮೈ ಇನ್ನೂ ಬೆಚ್ಚಗಿತ್ತು. ನಮ್ಮ ಮನೆಯ ಬೆಕ್ಕು ಕೊಂದು ಬಿಟ್ಟಿದೆ ಎಂದುಕೊಂಡೆ. ಎಲೆಯಲ್ಲಿ ಎತ್ತಿಕೊಂಡು ಓಡಿದೆ. ಬಿಡುವ ಮುಂಚೆ ಒಂದು ಹೊಟ್ಟೆ ತುಂಬ ಊಟವಾಯಿತು ಎಂದು ಅಕ್ಕನಿಗೂ ಖುಷಿ. ಮರಿ ಚಿಮುಟದಿಂದಲೇ ಕಿತ್ತುಕೊಂಡು ನುಂಗಿತು.

ಶನಿವಾರ ಬೆಳಿಗ್ಗೆ ಅದು ಡಬ್ಬಿಯಲ್ಲಿ ಬಾಯಿ ತೆರೆದು, ಹೊಟ್ಟೆ ಮೇಲಾಗಿ ಬಿದ್ದಿತ್ತು. ಅಕ್ಕ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು.

“ಕಪ್ಪೆ ತಿನ್ಕಂಡು ಇದ್ದಿದ್ದಕ್ಕೆ ನಾನೇ ಹಠ ಮಾಡಿ ಇಲಿ ಕಲ್ಸಿ ಕೊಂದೆ ಕಣೇ” ಎಂದರು.

ಮನೆಗೆ ಬಂದರೆ ಬಚ್ಚಲಲ್ಲಿ ಇನ್ನೆರಡು ಇಲಿ ಸತ್ತಿದ್ದವು. ಅತ್ತೆಯನ್ನು ಕೇಳಿದೆ. ಅವರು ಸೂರಿನ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದು, “ಬುಧವಾರನೇ ಮದ್ದು ಇಟ್ಟೀನಿ. ಜೋರಾಗಿ ಹೇಳ್ಬ್ಯಾಡ, ಕೇಳಿಸ್ಕಳ್ತಾವೆ” ಎಂದರು.

ನಮ್ಮ ಕಡೆಯ ರೂಢಿ ಇದು. ಇಲಿಗೆ ಮದ್ದು ಇಡುವುದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದರೆ ಇಲಿಗಳು ಕೇಳಿಸಿಕೊಂಡು, ಮದ್ದು ಮುಟ್ಟದೆ, ಸೇಡಿಗೆ ಸೀರೆಗಳನ್ನು ಕತ್ತರಿಸಿ ಹಾಕುತ್ತವಂತೆ. ಹಾಗಾಗಿ ಅತ್ತೆ ಕೊಬ್ಬರಿಯಲ್ಲಿ ವಿಷ ಕಲಸಿ, ಮೂಲೆ ಮೂಲೆಗೆ ಇಟ್ಟು, ಅದೇ ಮನೆಯಲ್ಲಿ ಅಡುಗೆ ಮಾಡುವ ಸೊಸೆಗೂ ಹೇಳದೆ ಮೂರು ದಿನ ಬಾಯಿ ಮುಚ್ಚಿಕೊಂಡಿದ್ದರು. ಇಲಿಗೆ ಕೊಟ್ಟ ಮರ್ಯಾದೆಯನ್ನು ಮನೆಯ ಮನುಷ್ಯರಿಗೆ ಕೊಡಲಿಲ್ಲ. ಇವತ್ತಿಗೂ ಆ ಪಿಸುಮಾತು ನೆನೆದರೆ ನನ್ನ ಮೈ ಉರಿಯುತ್ತದೆ.

ಅಕ್ಕನಿಗೆ ಹೇಳಿ ಬರುತ್ತೇನೆಂದು ಹೊರಟೆ. ಗಂಡ ಬಾಗಿಲಿಗೆ ಅಡ್ಡ ನಿಂತರು. ಹಾವು ನಮ್ಮ ಮನೆಯ ವಿಷದಿಂದ ಸತ್ತಿತೆಂದು ಊರಿಗೆ ಗೊತ್ತಾದರೆ ಸರ್ಪದೋಷ ನಮ್ಮ ತಲೆಗೆ, ನಾಳೆ ಮಕ್ಕಳಾಗದಿದ್ದರೆ ಜನ ಅದನ್ನೇ ಹೇಳುತ್ತಾರೆ ಎಂದರು. ನಾನು ನಿಂತುಬಿಟ್ಟೆ. ತಳ್ಳಿಕೊಂಡು ಹೋಗಬಹುದಿತ್ತು. ಇಪ್ಪತ್ತಮೂರು ವರ್ಷದ, ಕೈಕಾಲು ಗಟ್ಟಿ ಇದ್ದ ಹೆಂಗಸು ನಾನು. ಅತ್ತೆಯ ಮೇಲೆ, ಗಂಡನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ, ಮಾಡಿಕೊಂಡೂ ಇದ್ದೇನೆ. ಆದರೆ ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತ ಏಳು ವರ್ಷ ಅವರ ಕೈಯಲ್ಲೇ ರವಿಕೆ ಹೊಲಿಸಿಕೊಂಡವಳು ನಾನು... ಈ ಸಿಟ್ಟನ್ನು ಯಾರ ಮೇಲೆ ಹೊರಿಸಲಿ?

ಆಮೇಲೆ ನಾವು ಶಿಕಾರಿಪುರಕ್ಕೆ ಬಂದೆವು. ಅತ್ತೆಯೂ ನಮ್ಮ ಜೊತೆಗೇ ಇದ್ದಾರೆ. ಆ ವಿಷಯ ಎತ್ತಿದರೆ ಕಿವಿ ಕೇಳದವರ ಹಾಗೆ ಕೂರುತ್ತಾರೆ. ಟೈಲರಕ್ಕ ಹೋದ ವರ್ಷ ತೀರಿಕೊಂಡರು. ಸುದ್ದಿ ಬಂದಾಗ ನೆಂಟರ ಮದುವೆಯ ನೆಪ ಹೇಳಿ ನಾನು ಹೋಗಲಿಲ್ಲ.

ಈ ಟೇಪು ಕಣ್ಣಿಗೆ ಬಿದ್ದ ಮೇಲೆ, ಕಳೆದ ಭಾನುವಾರ ಸೊರಬದ ಬಸ್ಸು ಹತ್ತಿದೆ. ಅವರ ತಂಗಿ ಜಗುಲಿಯಲ್ಲಿ ಒಗೆದ ಬಟ್ಟೆ ಮಡಚುತ್ತಿದ್ದರು. ಅಕ್ಕನ ಮಾತು ಬಂತು.

“ಆ ಹಾವು ಸತ್ತ ಮೇಲೆ ಅಕ್ಕ ಯಾವ ಜೀವಾನೂ ಒಳಗೆ ತರ್ಲಿಲ್ಲ. ಬೆಕ್ಕಿನ ಮರಿ ಬಾಗ್ಲಿಗೆ ಬಂದ್ರೂ ಓಡ್ಸೋಳು. ನನ್ನ ಕೈಯೇ ಸರಿ ಇಲ್ಲ ಅನ್ನೋಳು” ಎಂದರು.

ನಾನು ಹೇಳಿಬಿಟ್ಟೆ. ಆ ಇಲಿ ನಮ್ಮ ಮನೆಯದು, ಅದು ವಿಷ ತಿಂದಿತ್ತು, ತಂದುಕೊಟ್ಟವಳು ನಾನು, ಮರುದಿನವೇ ನನಗೆ ಗೊತ್ತಾಗಿತ್ತು. ಒಂದನ್ನೂ ಬಿಡದೆ ಹೇಳಿದೆ.

ಅವರು ಕೈಯಲ್ಲಿದ್ದ ಟವೆಲನ್ನು ಮಡಚಿ ಮುಗಿಸಿದರು.

“ಅದಾದ ಮೇಲೂ ಏಳು ವರ್ಷ ಗೋಡೆ ಆಚೆಗೇ ಇದ್ರಿ ನೀವು” ಎಂದರು. ಆಮೇಲೆ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದರು.

ನಾನು ಜಗುಲಿಯಲ್ಲೇ ಕಾದೆ. ಅವರು ಹೊರಗೆ ಬರಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಅವರ ಮೇಲೂ ಸಿಟ್ಟು ಮಾಡಿಕೊಂಡೇ ನಡೆದೆ, ಒಂದು ಮಾತು ಬೈಯಲೂ ಇಲ್ಲವಲ್ಲ ಎಂದು.